ಪುಣೆಯ ಜಪಾನಿ ಗಾರ್ಡನ್‌ನಾಗ ನೋಡೂದು ಏನೈತಿ?

ಗೋಕಾಕ, ಮೂಡಲಗಿ, ಹುಕ್ಕೇರಿ ಹುಡುಗರು ಓದಾಕ, ನೌಕರಿಗೆ ಅಂತ ಪುಣೆಗೆ ಹೋಗ್ತಾರ. ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನ ನೋಡಿ ಬಂದು, "ಹುಲ್ಲು, ಕಲ್ಲು, ನೀರು ಬಿಟ್ರ ಅಲ್ಲಿ ಏನೈತಿ?" ಅಂತಾರ. ಇವತ್ತಿನ ಮಾತು ಅದರ ಬಗ್ಗೆನೇ.

ಇದು ಪುಣೆ-ಒಕಾಯಾಮಾ ಮೈತ್ರಿ ಉದ್ಯಾನ, ಸುಮಾರು 10 ಎಕರೆ. ಜಪಾನಿನ ಒಕಾಯಾಮಾ ಊರಿನ ಕೊರಾಕುಎನ್ ಉದ್ಯಾನ ಇದಕ್ಕೆ ಮಾದರಿ. ಅಲ್ಲಿನ ದೊರೆ ಇಕೇಡಾ ತ್ಸುನಮಾಸಾ 1687ರಲ್ಲಿ ಕೆಲಸ ಶುರು ಮಾಡಿಸಿದ, 1700ರ ಹೊತ್ತಿಗೆ ಅದು ಮುಗಿಯಿತು. ಹೆಸರಿನ ಪು.ಲ. ಮರಾಠಿ ಲೇಖಕರು, ಒಂದು ಕಾಲಕ್ಕೆ ನಮ್ಮ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು.

ಇಂಥ ಉದ್ಯಾನದಾಗ ಮೂರು ವಿಷಯ ಗಮನಿಸ್ರಿ.

ಮೊದಲನೇದು, ದಾರಿ. ಅದು ನೆಟ್ಟಗ ಇರೂದಿಲ್ಲ. ಒಂದು ನೋಟ ಮರೆಯಾಗಿ, ತಿರುವು ದಾಟಿದ ಮೇಲೆ ಇನ್ನೊಂದು ಕಾಣಬೇಕು ಅನ್ನೋದೇ ಲೆಕ್ಕ. ಜಪಾನಿಯಲ್ಲಿ ಇದಕ್ಕೆ 'ಮಿಯೆಗಕುರೆ' ಅಂತಾರೆ. ಮಳೆಗಾಲದಾಗ ಗೋಕಾಕ ಫಾಲ್ಸ್‌ಗೆ ಹೋದಾಗ ಸಪ್ಪಳ ಮೊದಲು ಕೇಳಿ, ನೀರು ಆಮೇಲೆ ಕಾಣ್ತದಲ್ಲ, ಹಂಗ.

ಎರಡನೇದು 'ಶಕ್ಕೆಯಿ', ಅಂದ್ರೆ ಸಾಲ ತಂದ ನೋಟ. ಕೊರಾಕುಎನ್‌ನಿಂದ ಒಕಾಯಾಮಾ ಕೋಟೆ, ಆಚೆಯ ಗುಡ್ಡ ಕಾಣ್ತಾವೆ. ಅವು ಉದ್ಯಾನದ ಆಸ್ತಿ ಅಲ್ಲ, ಆದರೂ ಚಿತ್ರದ ಭಾಗ. ನಾನು ಕಾಮರ್ಸ್ ಓದಿದವನು, ನನ್ನ ಭಾಷೆಯಾಗ ಹೇಳಬೇಕಂದ್ರ ಇದು ಬಡ್ಡಿ ಇಲ್ಲದ ಸಾಲ. ನಡುವೆ ಒಂದು ಹೋರ್ಡಿಂಗ್ ನಿಂತರೆ ಸಾಲ ರದ್ದು!

ಮೂರನೇದು, ಕಲ್ಲು. ನೀರೇ ಇಲ್ಲದ ಉದ್ಯಾನಗಳೂ ಅದಾವು, 'ಕರೆಸನ್ಸುಯಿ' ಅಂತ. ಕ್ಯೋಟೋದ ರ‍್ಯೋಆನ್-ಜಿ ದೇವಾಲಯದಲ್ಲಿ ಬಿಳಿ ಜಲ್ಲಿ ಮೇಲೆ 15 ಕಲ್ಲು ಇಟ್ಟಾರ. ಜಗುಲಿಯ ಮೇಲೆ ಎಲ್ಲಿ ಕೂತರೂ ಒಂದಾದರೂ ಮರೆಯಾಗೇ ಇರ್ತದ. ಜಲ್ಲಿಯಲ್ಲಿ ಎಳೆದ ಗೆರೆಗಳೇ ಅಲ್ಲಿ ನೀರು. ಬ್ಯಾಸಗ್ಯಾಗ ಘಟಪ್ರಭೆ ಒಣಗಿ, 52 ಮೀಟರ್ ಬಂಡೆ ಬರಿದಾಗಿ ನಿಂತಾಗ ಅದನ್ನ ನೋಡಿದವರಿಗೆ ಇದು ಹೊಸದೇನಲ್ಲ. ನೀರಿಲ್ಲದಿದ್ದರೂ ನೀರು ಹರಿದ ಗುರುತು ಕಾಣ್ತದ.

ಹಾಗಾದ್ರ ಇದರಿಂದ ನಮಗೇನು? ನಮ್ಮ ಊರುಗಳಾಗ ಪಾರ್ಕ್ ಅಂದ ಕೂಡಲೇ ಎತ್ತರದ ಕಂಪೌಂಡ್, ಸಿಮೆಂಟಿನ ಜಿರಾಫೆ, ಬಣ್ಣದ ಟೈಲ್ಸ್. ದುಡ್ಡು ನಮ್ಮ ತೆರಿಗೆಯದ್ದೇ. ಇಲ್ಲಿ ಹಿಡಕಲ್ ಜಲಾಶಯದ ಆಚೆ ಗುಡ್ಡ ಐತಿ, ಗೋಕಾಕದಾಗ ಬಂಡೆ ಐತಿ, ಮೂಡಲಗಿಯಾಗ ಕಾಲುವೆ ನೀರೈತಿ. ಮುಂದಿನ ಸಲ ನಿಮ್ಮ ವಾರ್ಡಿನಾಗ ಪಾರ್ಕ್ ಮಾಡ್ತೀವಿ ಅಂತ ಬಂದರ, ಎಷ್ಟು ಲಕ್ಷ ಅಂತ ಕೇಳ್ರಿ, ಅದರ ಜತೀಗೆ "ಗುಡ್ಡ ಯಾವ ಕಡೆಯಿಂದ ಕಾಣ್ತೈತಿ?" ಅಂತಾನೂ ಕೇಳ್ರಿ.

ಪುಣೆಗೆ ಹೋಗೂದಾದ್ರ ಘಟಪ್ರಭಾ ಸ್ಟೇಷನ್‌ನಿಂದ ಮಿರಜ್ ಮ್ಯಾಲೆ ರೈಲು ಅದಾವು. ಉದ್ಯಾನದಾಗ ಮೊದಲನೇ ಸುತ್ತು ಫೋನ್ ಕಿಸೆಯಾಗ ಇಟ್ಟು ಮೆಲ್ಲಕ ನಡೀರಿ. ಫೋಟೋ ಎರಡನೇ ಸುತ್ತಿಗೆ.