ನಾದ ಮತ್ತು ವೇಷ

ನಾದವು ಕಿವಿಗೆ ಸೇರಿದ್ದು. ವೇಷವು ಕಣ್ಣಿಗೆ ಸೇರಿದ್ದು. ಇವೆರಡೂ ಹದವಾಗಿ ಕೂಡಿದಾಗ ಕಲೆಯ ಪ್ರಭಾವವು ಇಮ್ಮಡಿಯಾಗುತ್ತದೆ. ಆದರೆ ವೇಷವೊಂದೇ ಕಲೆಯನ್ನು ಕಾಪಾಡಬಲ್ಲುದೆ? ಇಂಗ್ಲೆಂಡಿನ ‘ಐರನ್ ಮೇಡನ್’ ಎಂಬ ವಾದ್ಯಮೇಳದ ಚರಿತ್ರೆಯು ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ.

ಈ ಮೇಳದ ಸಂಗೀತಕ್ಕೆ ‘ಹೆವಿ ಮೆಟಲ್’ ಎಂದು ಹೆಸರು. ಇದು ರಾಕ್ ಸಂಗೀತದ ಒಂದು ಕವಲು. 1970ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಇದರಲ್ಲಿ ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಒರಟುಗೊಳಿಸಿ ನುಡಿಸುತ್ತಾರೆ. ಡ್ರಮ್ಮುಗಳ ಬಲವಾದ ಪೆಟ್ಟು, ಆವೇಶಪೂರ್ಣವಾದ ಗಾಯನ ಇದರ ಇತರ ಲಕ್ಷಣಗಳು.

ಬಾಸ್ ಗಿಟಾರು ವಾದಕನಾದ ಸ್ಟೀವ್ ಹ್ಯಾರಿಸನು 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಈ ಮೇಳವನ್ನು ಕಟ್ಟಿದನು. ಆರಂಭದ ದಿನಗಳಲ್ಲಿ ಸಣ್ಣ ಪಾನಗೃಹಗಳೇ ಇವರ ರಂಗಸ್ಥಳಗಳಾಗಿದ್ದವು. ಅಲ್ಲಿ ವಾದಕರ ಹಿಂದೆ ಭೀಕರವಾದ ಮುಖವಾಡವೊಂದನ್ನು ತೂಗುಹಾಕುತ್ತಿದ್ದರು. ಪಂಪಿನ ನೆರವಿನಿಂದ ಅದರ ಬಾಯಿಯೊಳಗಿಂದ ಕೃತಕ ರಕ್ತವು ಚಿಮ್ಮುತ್ತಿತ್ತು. ಈ ಮುಖವಾಡವೇ ‘ಎಡ್ಡಿ’. 1980ರಲ್ಲಿ ಹೊರಬಂದ ಮೊದಲ ಧ್ವನಿಮುದ್ರಿಕೆಯ ಹೊದಿಕೆಗೆ ಡೆರೆಕ್ ರಿಗ್ಸ್ ಎಂಬ ಚಿತ್ರಕಾರನ ಚಿತ್ರವನ್ನು ಬಳಸಲಾಯಿತು. ಅಂದಿನಿಂದ ಅಸ್ಥಿಪಂಜರದಂತಹ ಆ ಆಕೃತಿಯೇ ಮೇಳದ ಗುರುತಾಯಿತು.

ಮೊದಲ ಗೀತೆಗಳು ಒರಟಾಗಿಯೂ ವೇಗವಾಗಿಯೂ ಇದ್ದವು. 1981ರಲ್ಲಿ ಬ್ರೂಸ್ ಡಿಕಿನ್ಸನ್ ಗಾಯಕನಾಗಿ ಬಂದ ಮೇಲೆ ಅವನ ಎತ್ತರದ ಕಂಠಕ್ಕೆ ತಕ್ಕಂತೆ ಗೀತೆಗಳೂ ವಿಸ್ತಾರಗೊಂಡವು. 1984ರ ‘ಪವರ್‌ಸ್ಲೇವ್’ ಧ್ವನಿಮುದ್ರಿಕೆಯಲ್ಲಿ ಕೋಲ್‌ರಿಜ್ ಕವಿಯ ನಾವಿಕನ ಕಥೆಯನ್ನು ಆಧರಿಸಿದ, ಹದಿಮೂರು ನಿಮಿಷಗಳಿಗೂ ಮಿಕ್ಕ ಗೀತೆಯೊಂದಿದೆ. ಆಗ ಅವರ ರಂಗಸ್ಥಳವು ಪ್ರಾಚೀನ ಈಜಿಪ್ಟಾಯಿತು. ಎಡ್ಡಿಯು ಬಟ್ಟೆ ಸುತ್ತಿದ ಮಮ್ಮಿಯಾದನು. 1986ರಲ್ಲಿ ಸಿಂಥಸೈಜರ್ ಜೋಡಿಸಿದ ಗಿಟಾರುಗಳ ಹೊಸ ನಾದವು ಕೇಳಿಬಂದಾಗ ಅವನು ಅರ್ಧ ಮಾನವ, ಅರ್ಧ ಯಂತ್ರವಾದನು. ಹೀಗೆ ನಾದವು ಮುಂದೆ ನಡೆದಂತೆ ವೇಷವೂ ಅದನ್ನು ಅನುಸರಿಸಿತು.

1993ರಲ್ಲಿ ಡಿಕಿನ್ಸನ್ ಮೇಳವನ್ನು ತೊರೆದನು. ಅವನ ಸ್ಥಾನಕ್ಕೆ ಬಂದ ಬ್ಲೇಜ್ ಬೇಲಿಯದು ಮಂದ್ರದ ಕಂಠ. ಏರುಸ್ವರಕ್ಕಾಗಿಯೇ ರಚಿತವಾಗಿದ್ದ ಹಳೆಯ ಗೀತೆಗಳು ಅವನಿಗೆ ಕಷ್ಟವಾದವು. ಅಮೆರಿಕದಲ್ಲಿ ಶ್ರೋತೃಗಳು ಕಡಮೆಯಾಗಿ, ಮೇಳವು ಚಿಕ್ಕ ಸಭಾಂಗಣಗಳಿಗೆ ಹಿಂದಿರುಗಬೇಕಾಯಿತು. ಎಡ್ಡಿಯಾದರೋ ಎಂದಿನಂತೆ ಹೊದಿಕೆಯ ಮೇಲೂ ರಂಗದ ಮೇಲೂ ಇದ್ದೇ ಇದ್ದನು. ಆದರೇನು? ಮುಖವಾಡಕ್ಕೆ ಹಾಡಲು ಬಾರದು.

1999ರಲ್ಲಿ ಡಿಕಿನ್ಸನ್ ಮರಳಿ ಬಂದನು. ಅವನೊಡನೆ ಹಳೆಯ ಗಿಟಾರು ವಾದಕ ಏಡ್ರಿಯನ್ ಸ್ಮಿತನೂ ಬಂದನು. ಸ್ಮಿತನ ಸ್ಥಾನದಲ್ಲಿ ನುಡಿಸುತ್ತಿದ್ದ ಜಾನಿಕ್ ಗೆರ್ಸನನ್ನು ಮೇಳವು ಹೊರಗೆ ಕಳುಹಿಸಲಿಲ್ಲ. ಮೂವರು ಗಿಟಾರು ವಾದಕರನ್ನೂ ಇರಿಸಿಕೊಂಡಿತು. ಇದರಿಂದ ನಾದವು ಇನ್ನಷ್ಟು ತುಂಬಿಕೊಂಡಿತು. ಶ್ರೋತೃಗಳು ಮರಳಿದರು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಈ ಮೇಳದ ಕಚೇರಿ ನಡೆಯಿತು. 2021ರ ಧ್ವನಿಮುದ್ರಿಕೆಯಲ್ಲಿ ಎಡ್ಡಿಯು ಜಪಾನಿನ ಸಮುರಾಯ್ ಯೋಧನಾಗಿ ಕಾಣಿಸಿಕೊಂಡನು.

ವೇಷವು ಜನರನ್ನು ರಂಗದ ಬಳಿಗೆ ಕರೆತರಬಲ್ಲುದು. ಅವರನ್ನು ಅಲ್ಲಿ ನಿಲ್ಲಿಸುವ ಶಕ್ತಿ ನಾದಕ್ಕೆ ಮಾತ್ರ ಉಂಟು. ನಾದವು ಬೆಳೆಯುತ್ತಿರುವವರೆಗೆ ವೇಷವೂ ಹೊಸದಾಗಿರುತ್ತದೆ. ನಾದವು ಕುಂದಿದ ದಿನ ವೇಷವು ಬರಿಯ ಬಣ್ಣವಾಗಿ ಉಳಿಯುತ್ತದೆ.