ಮಳೆಮಾಪಕವೂ ಬಿತ್ತನೆಯ ಹದವೂ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳತಕ್ಕ ಮಳೆಯು ಸ್ಥೂಲವಾಗಿ 500 ರಿಂದ 750 ಮಿಲಿಮೀಟರುಗಳೊಳಗೆ ಇರುವುದು. ಇದರಲ್ಲಿ ದೊಡ್ಡ ಪಾಲು ಸೆಪ್ಟೆಂಬರು ಮತ್ತು ಅಕ್ಟೋಬರು ತಿಂಗಳುಗಳಲ್ಲಿ ಬರುವುದಾದರೂ, ಕಡಲೆಕಾಯಿಯ ಬಿತ್ತನೆಯನ್ನು ಜೂನ್ ಜುಲೈ ತಿಂಗಳುಗಳ ಅನಿಶ್ಚಿತವಾದ ಮಳೆಯನ್ನೇ ನಂಬಿ ನಡೆಯಿಸಬೇಕಾಗಿದೆ. ಎಕರೆಗೆ ಸುಮಾರು 40 ರಿಂದ 50 ಕಿಲೋಗ್ರಾಂ ಬೀಜ ಬೇಕು. ಖುಷ್ಕಿ ಬೇಸಾಯಗಾರನ ಖರ್ಚಿನಲ್ಲಿ ಇದೇ ದೊಡ್ಡ ಬಾಬು. ಮೇಲುಮಣ್ಣು ನೆನೆದುದನ್ನು ಕಂಡು ಹದವಾಯಿತೆಂದು ಕೂರಿಗೆ ಹೂಡಿ, ತರುವಾಯ ಹತ್ತು ಹನ್ನೆರಡು ದಿನ ಮಳೆಯು ಬಾರದೆ ಹೋದರೆ, ಮೊಳೆತ ಬೀಜವು ನೆಲದಲ್ಲಿಯೇ ಬಾಡಿಹೋಗುವುದು. ಎರಡನೆಯ ಸಲ ಬಿತ್ತುವುದಕ್ಕೆ ಸಾಲವನ್ನೇ ಮಾಡಬೇಕಾದ ಮನೆಗಳು ಈ ಸೀಮೆಯಲ್ಲಿ ಕಡಮೆಯಲ್ಲ. ಈ ನಷ್ಟವನ್ನು ಪೂರ್ತಿಯಾಗಿ ತಪ್ಪಿಸುವ ಯಂತ್ರವು ಯಾವುದೂ ಇಲ್ಲ. ಆದರೆ ವಿಜ್ಞಾನ ಸಾಮಗ್ರಿಗಳನ್ನು ಮಾರುವ ಅಂಗಡಿಗಳಲ್ಲಿ ದೊರೆಯುವ ಉಪಕರಣಗಳ ಪೈಕಿ ಅತ್ಯಂತ ಸರಳವಾದ ಮಳೆಮಾಪಕವು, ಅದನ್ನು ಸರಿಯಾಗಿ ಉಪಯೋಗಿಸುವವರಿಗೆ, ಇದನ್ನು ಬಹುಮಟ್ಟಿಗೆ ತಗ್ಗಿಸಿಕೊಡಬಲ್ಲುದು.

ಮಳೆಯನ್ನು ಅಳೆಯುವುದು ನಮ್ಮಲ್ಲಿ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧಾನ್ಯದ ಕೋಷ್ಠಾಗಾರದ ಬಳಿ ಒಂದು ಅರತ್ನಿ, ಎಂದರೆ ಸುಮಾರು ಒಂದು ಮೊಳ, ಬಾಯಗಲವುಳ್ಳ ಪಾತ್ರೆಯನ್ನು ಮಳೆಯ ಅಳತೆಗಾಗಿ ಇಡಬೇಕೆಂದು ವಿಧಿಸಿದೆ. ಆ ಗ್ರಂಥವನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909 ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಕಣಜದ ಬಾಗಿಲಲ್ಲಿಯೇ ಮಳೆಯ ಪಾತ್ರೆಯನ್ನು ಇಡಿಸಿದುದರ ಅಭಿಪ್ರಾಯವನ್ನು ರೈತರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಈಗ ಬಳಕೆಯಲ್ಲಿರುವ ಸೈಮನ್ಸ್ ಮಾದರಿಯ ಮಾಪಕದಲ್ಲಿ 127 ಮಿಲಿಮೀಟರು, ಎಂದರೆ 5 ಅಂಗುಲ, ವ್ಯಾಸದ ಆಲಿಕೆಯೂ, ಅದರ ಕೆಳಗೆ ನೀರು ಶೇಖರವಾಗುವ ಸೀಸೆಯೂ, ಗೀಟು ಹಾಕಿದ ಗಾಜಿನ ಅಳತೆಪಾತ್ರೆಯೂ ಇರುವುವು. ಸಪಾಟಾದ ನೆಲದಲ್ಲಿ ಒಂದು ಮಿಲಿಮೀಟರು ನೀರು ನಿಲ್ಲುವಷ್ಟು ಮಳೆಯಾದರೆ ಚದರ ಮೀಟರಿಗೆ ಒಂದು ಲೀಟರು, ಎಕರೆಗೆ 4,047 ಲೀಟರು ಬಿದ್ದಂತೆ. ಹೀಗೆ 25 ಮಿಲಿಮೀಟರಿನ ಒಂದು ಮಳೆಯು ಎಕರೆಗೆ ಒಂದು ಲಕ್ಷ ಲೀಟರಿಗೂ ಮೀರಿದ ನೀರನ್ನು, 200 ಲೀಟರಿನ ಪೀಪಾಯಿಗಳಲ್ಲಿ ಲೆಕ್ಕ ಹಾಕಿದರೆ 500 ಪೀಪಾಯಿಗಳಷ್ಟನ್ನು, ತಂದು ಸುರಿಯುತ್ತದೆ.

ಇಲ್ಲಿ ಕೊಳ್ಳುವವರು ಮುಖ್ಯವಾಗಿ ಗಮನಿಸಬೇಕಾದ ಒಂದು ಅಂಶವುಂಟು. ಅಳತೆಪಾತ್ರೆಯ ಗೀಟುಗಳು ಆಲಿಕೆಯ ಬಾಯಿಯ ವಿಸ್ತೀರ್ಣಕ್ಕೆ ತಕ್ಕಂತೆ ಕೊರೆದವುಗಳು. ಸೈಮನ್ಸ್ ಮಾಪಕದಲ್ಲಿ ಒಂದು ಮಿಲಿಮೀಟರು ಮಳೆಗೆ ಸುಮಾರು 12.7 ಮಿಲಿಲೀಟರು ನೀರು ಕೂಡುವುದು. ನಾರುಗಾಜಿನಿಂದ ಮಾಡಿದ, 200 ಚದರ ಸೆಂಟಿಮೀಟರು ಬಾಯಿಯುಳ್ಳ ಮಾಪಕದಲ್ಲಾದರೋ 20 ಮಿಲಿಲೀಟರು ಕೂಡುವುದು. ಗಾಜಿನ ಪಾತ್ರೆಯು ಒಡೆದಾಗ ಸಿಕ್ಕಿದ ಬೇರೊಂದನ್ನು ತಂದಿಟ್ಟುಕೊಳ್ಳುವ ವಾಡಿಕೆಯು ಬಹಳ ಅಪಾಯಕರವಾದುದು. ದೊಡ್ಡ ಮಾಪಕದ ಪಾತ್ರೆಯಿಂದ ಸೈಮನ್ಸ್ ಮಾಪಕದ ನೀರನ್ನು ಅಳೆದರೆ, ನಿಜವಾಗಿ 20 ಮಿಲಿಮೀಟರು ಬಿದ್ದ ಮಳೆಯು 12.7 ಎಂದು ತೋರುವುದು. ಇದಕ್ಕೆ ಪ್ರತಿಯಾಗಿ ಸಣ್ಣದರ ಪಾತ್ರೆಯನ್ನು ದೊಡ್ಡದಕ್ಕೆ ಬಳಸಿದರೆ ಅದೇ ಮಳೆಯು 31 ಕ್ಕೂ ಮಿಕ್ಕು ತೋರಿ, ಹದವಿಲ್ಲದ ಹೊಲಕ್ಕೆ ಕೂರಿಗೆಯನ್ನು ಇಳಿಸುವುದು. ಹಣವಿಲ್ಲದವರು ಅಡಿಯಿಂದ ಬಾಯಿಯವರೆಗೆ ಒಂದೇ ಅಗಲವಿರುವ ತಗಡಿನ ಡಬ್ಬಿಯನ್ನು ಮಟ್ಟವಾಗಿ ನಿಲ್ಲಿಸಿ, ಒಳಗಿನ ನೀರಿನ ಎತ್ತರವನ್ನು ಅಡಿಕೋಲಿನಿಂದ ಅಳೆದರೂ ಸಾಕು. ಬಿಂದಿಗೆ, ಬಕೆಟ್ಟು ಮುಂತಾದ ಬಾಯಿ ಬುಡಗಳ ಅಗಲವು ಬೇರೆ ಬೇರೆಯಾದ ಪಾತ್ರೆಗಳು ಇದಕ್ಕೆ ಬಾರವು.

ಮಾಪಕದ ಅಂಚು ನೆಲದಿಂದ ಒಂದು ಅಡಿ ಎತ್ತರದಲ್ಲಿರತಕ್ಕದ್ದು. ಸಮೀಪದ ಮರ ಅಥವಾ ಕಟ್ಟಡದ ಎತ್ತರಕ್ಕೆ ಕಡಮೆಯೆಂದರೆ ಎರಡರಷ್ಟು ದೂರದಲ್ಲಿ ಅದನ್ನು ನಿಲ್ಲಿಸಬೇಕು. ಜೇಡರ ಬಲೆಯೋ ಹುಣಿಸೆಯ ಎಲೆಯೋ ಆಲಿಕೆಯ ಕಂಡಿಯನ್ನು ಮುಚ್ಚಿದರೆ ಅಳತೆಯು ಕೆಡುತ್ತದೆ. ಪ್ರತಿದಿನವೂ ಬೆಳಗ್ಗೆ 8-30 ಗಂಟೆಗೆ ನೋಡಿ ಬರೆಯುವುದು ಭಾರತದಲ್ಲೆಲ್ಲ ನಡೆದುಬಂದ ಕ್ರಮ.

ಎಷ್ಟು ಮಳೆಯಾದರೆ ಬಿತ್ತಬಹುದು ಎಂಬುದೇ ರೈತರು ಕೇಳುವ ಪ್ರಶ್ನೆ. ಈ ಸೀಮೆಯ ಮರಳುಮಿಶ್ರವಾದ ಕೆಂಪು ಮಣ್ಣಿನಲ್ಲಿ, ಮೊದಲೇ ಉತ್ತು ಸಡಿಲಮಾಡಿದ ಹೊಲಕ್ಕೆ, ಒಂದೆರಡು ದಿನಗಳಲ್ಲಿ 20 ರಿಂದ 25 ಮಿಲಿಮೀಟರು ಬಿದ್ದರೆ ಸುಮಾರು ಅರ್ಧ ಅಡಿಗೆ ಮೇಲ್ಪಟ್ಟು ನೆನೆಯುವುದು. ಬಿತ್ತನೆಗೆ ಇಷ್ಟು ಬೇಕು. ಆದರೆ ಮಾಪಕವು ಬಿದ್ದ ಮಳೆಯನ್ನು ಹೇಳುವುದೇ ಹೊರತು ಇಂಗಿದ ಮಳೆಯನ್ನು ಹೇಳಲಾರದು. ಅರ್ಧ ಗಂಟೆಯೊಳಗೆ ಭೋರೆಂದು ಸುರಿದ 25 ಮಿಲಿಮೀಟರು, ಹೆಪ್ಪುಗಟ್ಟಿದ ಇಳಿಜಾರು ಹೊಲದಿಂದ ಹಳ್ಳಕ್ಕೆ ಹರಿದು ಹೋಗಬಹುದು. ಆದುದರಿಂದ ಪುಸ್ತಕದಲ್ಲಿ ಅಂಕಿಯನ್ನು ಬರೆದ ಮೇಲೆ ಹೊಲದ ಮೂರು ನಾಲ್ಕು ಕಡೆ ಗುದ್ದಲಿಯಿಂದ ಅಗೆದು ನೋಡತಕ್ಕದ್ದು. ಅರ್ಧ ಅಡಿಯ ಕೆಳಗಿನ ಮಣ್ಣನ್ನು ಹಿಡಿಯಲ್ಲಿ ಅದುಮಿದಾಗ ಉಂಡೆಗಟ್ಟಿದರೆ ಬಿತ್ತಬಹುದು. ಪುಡಿಯಾಗಿ ಉದುರಿದರೆ ಮುಂದಿನ ಮಳೆಗೆ ಕಾಯುವುದೇ ಲೇಸು. ಆರಿದ್ರೆಯು ತಪ್ಪಿಹೋಗುವುದೆಂಬ ಆತುರವು ಸಹಜವೇ. ಆದರೆ ಒಣಗಿದ ಬೀಜಕ್ಕೆ ನಕ್ಷತ್ರದ ಬಲವು ಸಾಲದು.

ಬಿತ್ತನೆಯ ಅನಂತರವೂ ಈ ಲೆಕ್ಕದಿಂದ ಪ್ರಯೋಜನವುಂಟು. ಕಡಲೆಕಾಯಿಯ ಗಿಡವು ಹೂ ಬಿಟ್ಟು ಊಡುಗಳನ್ನು ನೆಲಕ್ಕೆ ಇಳಿಸುವಾಗ ಮೇಲುಮಣ್ಣು ಮೆತ್ತಗಿರದಿದ್ದರೆ ಅವು ಒಳಹೋಗಲಾರವು. ಎಕರೆಗೆ 200 ಕಿಲೋಗ್ರಾಂ ಜಿಪ್ಸಂ ಕೊಡುವುದೂ ಈ ಕಾಲದಲ್ಲಿಯೇ. ತೇವವಿಲ್ಲದಾಗ ಹಾಕಿದ ಜಿಪ್ಸಂ ಕರಗದೆ ಹಾಗೆಯೇ ಬಿದ್ದಿರುವುದು.

ಇನ್ನು ದೂರಮಾಪನದ ಮಳೆಮಾಪಕಗಳ ವಿಚಾರ. 1988 ರಲ್ಲಿ ಬರಗಾಲದ ಪರಿಶೀಲನೆಗೆಂದು ಆರಂಭವಾಗಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿರುವ ಸಂಸ್ಥೆಯು ಗ್ರಾಮ ಪಂಚಾಯಿತಿಗಳಲ್ಲಿ ಇವುಗಳನ್ನು ನಿಲ್ಲಿಸಿದೆ. ಬಿಸಿಲಿನ ವಿದ್ಯುತ್ತಿನಿಂದ ನಡೆಯುವ ಇವು 15 ನಿಮಿಷಗಳಿಗೊಮ್ಮೆ ಅಳತೆಯನ್ನು ಕಳುಹಿಸುತ್ತವೆ. ಈ ಬಗೆಯ ಸ್ವಯಂಚಾಲಿತ ಮಾಪಕಗಳಲ್ಲಿ ಸಾಮಾನ್ಯವಾಗಿ ಏತದಂತೆ ತೂಗುವ ಎರಡು ಪುಟ್ಟ ತೊಟ್ಟಿಗಳಿರುವುವು. ಒಂದು ತುಂಬಿ ಮಗುಚಿಕೊಂಡೊಡನೆ ಇನ್ನೊಂದು ಮೇಲಕ್ಕೆ ಬರುವುದು. ಮಗುಚಿದ ಸಲಗಳನ್ನು ಎಣಿಸಿದರೆ ಮಳೆಯ ಲೆಕ್ಕವಾಯಿತು. ಕೇಂದ್ರದ ವರುಣಮಿತ್ರ ಎಂಬ ದೂರವಾಣಿ ಸಹಾಯವಾಣಿಯಿಂದ ರೈತರು ಹವಾಮಾನದ ಸುದ್ದಿಯನ್ನು ಪಡೆಯಬಹುದು.

ಈ ಯಂತ್ರಗಳನ್ನು ಸರ್ಕಾರದ ಸ್ವತ್ತೆಂದು ಉಪೇಕ್ಷಿಸುವುದು ಸರಿಯಲ್ಲ. ದಾಳಿಂಬೆ, ಅಡಿಕೆ ಮೊದಲಾದ ತೋಟದ ಬೆಳೆಗಳ ಹವಾಮಾನಾಧಾರಿತ ವಿಮೆಯಲ್ಲಿ ಪರಿಹಾರವು ತೋಟವನ್ನು ನೋಡಿ ನಿರ್ಧಾರವಾಗುವುದಿಲ್ಲ; ಯಂತ್ರವು ಬರೆದ ಅಂಕಿಯಿಂದ ನಿರ್ಧಾರವಾಗುವುದು. ಯಂತ್ರದ ಮೇಲೆ ಬೇವಿನ ಕೊಂಬೆ ಬಾಗಿದ್ದರೆ, ದನವು ಮೈಯುಜ್ಜಿ ಕಂಬವನ್ನು ಓರೆಮಾಡಿದ್ದರೆ, ಊರಿನ ಎಲ್ಲ ವಿಮಾದಾರರ ಲೆಕ್ಕವೂ ಓರೆಯಾದಂತೆಯೇ. ಅಂತಹುದನ್ನು ಕಂಡವರು ಪಂಚಾಯಿತಿಗೆ ಒಡನೆಯೇ ಬರೆದು ತಿಳಿಸುವುದು ಯುಕ್ತ.

ಕೊಳವೆಬಾವಿಯ ಆಸರೆಯಿಂದ ಅಡಿಕೆ ತೆಂಗುಗಳನ್ನು ಬೆಳೆಯುವವರಿಗೆ ಮತ್ತೊಂದು ಉಪಕರಣವು ಅನುಕೂಲವಾಗಿದೆ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯವರು ರೂಪಿಸಿದ ಮಣ್ಣಿನ ತೇವಸೂಚಕದ ಕಡ್ಡಿಗಳನ್ನು ಬೇರಿನ ಮಟ್ಟಕ್ಕೆ ಚುಚ್ಚಿದರೆ ದೀಪವು ಹತ್ತುವುದು. ನೀಲಿಯಾದರೆ ತೇವವು ಧಾರಾಳ, ಹಸಿರಾದರೆ ಸಾಕಷ್ಟಿದೆ, ಕಿತ್ತಳೆಯಾದರೆ ನೀರು ಕೊಡುವುದು ಒಳ್ಳೆಯದು, ಕೆಂಪಾದರೆ ಕೂಡಲೇ ಕೊಡಬೇಕು. ನೀಲಿ ದೀಪವನ್ನು ಕಂಡ ದಿನ ಪಂಪನ್ನು ನಿಲ್ಲಿಸಿದರೆ ಅಷ್ಟು ನೀರು ಕೊಳವೆಬಾವಿಯಲ್ಲಿಯೇ ಉಳಿಯುವುದು.