ಗಾಳಿ ಬಿಟ್ಟು ಮರಳನ್ನು ಗೆದ್ದ ಬಗೆ

ಗಾಲಿಗೆ ಗಾಳಿಯನ್ನು ತುಂಬುವ ವಿದ್ಯೆಯನ್ನು ಕಲಿತ ಮನುಷ್ಯನಿಗೆ, ತುಂಬಿದ ಗಾಳಿಯನ್ನು ಬೇಕೆಂದೇ ಹೊರಕ್ಕೆ ಬಿಡುವ ವಿದ್ಯೆಯನ್ನು ಕಲಿಯುವುದಕ್ಕೆ ಮತ್ತೆ ಸುಮಾರು 40 ವರ್ಷ ಹಿಡಿಯಿತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ರೂಪಿಸಿದ ಗಾಳಿಟೈರಿಗೆ ಪೇಟೆಂಟ್ ಪಡೆದುದು 1888ರಲ್ಲಿ. ಅದಕ್ಕೂ ಬಹಳ ಹಿಂದೆ, 1845ರಲ್ಲಿಯೇ, ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಇದೇ ಕಲ್ಪನೆಗೆ ಪೇಟೆಂಟ್ ಪಡೆದಿದ್ದನು. ಆದರೆ ಮೋಟಾರೂ ಸೈಕಲ್ಲೂ ಇಲ್ಲದ ಕಾಲದಲ್ಲಿ ಟೈರನ್ನು ಕಂಡುಹಿಡಿದವನಿಗೆ ಮರೆವಲ್ಲದೆ ಬೇರೆ ಯಾವ ಬಹುಮಾನ ದೊರೆಯಬೇಕು? 1895ರಲ್ಲಿ ಪ್ಯಾರಿಸಿನಿಂದ ಬೋರ್ಡೋಗೆ ಹೋಗಿ ಹಿಂದಿರುಗುವ ಮೋಟಾರು ಪಂದ್ಯದಲ್ಲಿ ಮಿಶೆಲಿನ್ ಸೋದರರು ಗಾಳಿಟೈರು ತೊಡಿಸಿದ ಕಾರನ್ನು ಓಡಿಸಿದಾಗ, ದಾರಿಯುದ್ದಕ್ಕೂ ಪಂಕ್ಚರ್ ಹಾಕುವುದರಲ್ಲಿಯೇ ಅವರ ಹೊತ್ತು ಕಳೆದು, ನಿಗದಿಯಾದ ಅವಧಿ ಮುಗಿದ ಮೇಲೆ ಅವರು ಗುರಿ ಮುಟ್ಟಿದರು. ಗಾಳಿ ನಿಲ್ಲುವುದೇ ಒಂದು ಭಾಗ್ಯವೆನಿಸಿದ್ದ ಆ ದಿನಗಳಲ್ಲಿ, ಇದ್ದ ಗಾಳಿಯನ್ನು ಬಿಡಿರೆಂದು ಯಾರಾದರೂ ಹೇಳಿದ್ದರೆ ಅವನನ್ನು ಹುಚ್ಚನೆಂದೇ ಜನ ಬಗೆಯುತ್ತಿದ್ದರು.

ಆ ಮಾತನ್ನು ಹೇಳಿಸಿದುದು ಮರುಭೂಮಿ. ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟಿನ ಪಶ್ಚಿಮದ ಮರಳುಗಾಡನ್ನು ಕಾಯುತ್ತಿದ್ದ ಬ್ರಿಟಿಷ್ ಲಘುಕಾರು ದಳಗಳು ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರುಗಳಲ್ಲಿ ಬಹುದೂರ ಸಂಚರಿಸಿದುವಾದರೂ, ದೊಡ್ಡ ಮರಳುದಿಬ್ಬಗಳು ಎದುರಾದೆಡೆಯಲ್ಲೆಲ್ಲ ಹಿಂದಿರುಗಿದುವು. ಫ್ರೆಂಚರು ಸಹಾರಾವನ್ನು ದಾಟಲು ಬೇರೆ ಉಪಾಯವನ್ನು ಹಿಡಿದರು: 1922ರ ಡಿಸೆಂಬರಿನಲ್ಲಿ ತುಗ್ಗುರ್ತ್‌ನಿಂದ ಹೊರಟು ಮರುವರ್ಷದ ಜನವರಿಯಲ್ಲಿ ತಿಂಬಕ್ತುವನ್ನು ಸೇರಿದ ಸಿಟ್ರೊಯೆನ್ ವಾಹನಗಳಿಗೆ ಹಿಂದುಗಡೆ ಗಾಲಿಗಳೇ ಇರಲಿಲ್ಲ, ರಬ್ಬರಿನ ಪಟ್ಟಿಗಳಿದ್ದುವು. ಅದು ಜಯವೇ ಸರಿ. ಆದರೆ ಸಾಮಾನ್ಯನ ಕಾರಿಗೆ ಅದರಿಂದ ಪ್ರಯೋಜನವೇನೂ ಆಗಲಿಲ್ಲ.

1926ರಲ್ಲಿ ಈಜಿಪ್ಟಿಗೆ ವರ್ಗವಾಗಿ ಬಂದ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಸಿಗ್ನಲ್ಸ್ ದಳದ ಅಧಿಕಾರಿ ಸಾಮಾನ್ಯ ಕಾರನ್ನೇ ನಂಬಿದನು. ರಜೆ ಸಿಕ್ಕಾಗಲೆಲ್ಲ ಸ್ವಂತ ಹಣದಿಂದ ಕೊಂಡ ಫೋರ್ಡುಗಳಲ್ಲಿ ನಾಲ್ಕಾರು ಸ್ನೇಹಿತರೊಡನೆ ಲಿಬಿಯಾದ ಮರುಭೂಮಿಗೆ ಹೋಗಿಬರುವುದು ಅವನ ವಿನೋದವಾಗಿತ್ತು; ಸೈನ್ಯದ ಆಜ್ಞೆಯಾಗಲಿ ಸರ್ಕಾರದ ಧನಸಹಾಯವಾಗಲಿ ಅದಕ್ಕಿರಲಿಲ್ಲ. ಸಡಿಲ ಮರಳಿನಲ್ಲಿ ಟೈರಿನ ಗಾಳಿಯನ್ನು ತಗ್ಗಿಸಿ ಓಡಿಸುವ ಪದ್ಧತಿಯನ್ನು ಬಳಕೆಗೆ ತಂದ ಕೀರ್ತಿ ಇವನಿಗೇ ಸಲ್ಲುತ್ತ ಬಂದಿದೆ. ಕೈರೋದ ಗುಜರಿ ಅಂಗಡಿಯೊಂದರಲ್ಲಿ, ಯುದ್ಧಕಾಲದ ನೆಲಗುಂಡಿಗಳಿಗೆ ಚಾವಣಿ ಹಾಸಲೆಂದು ಮಾಡಿದ್ದ ಉದ್ದನೆಯ ಉಕ್ಕಿನ ತಗಡುಗಳು ಅವನ ಕಣ್ಣಿಗೆ ಬಿದ್ದುವು. ಹೂತ ಗಾಲಿಯ ಕೆಳಗೆ ಅವನ್ನು ಒಡ್ಡಿ ಮೇಲೆ ಹತ್ತಿಸುವ ಉಪಾಯವೂ ಅವನದೇ. ಕುದಿಯುವ ರೇಡಿಯೇಟರಿನ ಆವಿಯನ್ನು ಪಕ್ಕದ ಡಬ್ಬಿಯ ನೀರಿಗೆ ಹಾಯಿಸಿ, ತಣಿದ ಮೇಲೆ ಆ ನೀರು ತಾನಾಗಿ ರೇಡಿಯೇಟರಿಗೆ ಮರಳುವಂತೆ ಮಾಡಿದುದೂ ಈ ರಜೆಯ ದಿನಗಳ ಫಲವೇ.

ಗಾಳಿ ಬಿಟ್ಟರೆ ಗಾಡಿ ಏಳುವುದೇಕೆ? ಎರಡು ಟನ್ ತೂಕದ ವಾಹನವೊಂದರ ಪ್ರತಿಯೊಂದು ಗಾಲಿಯ ಮೇಲೂ ಅರ್ಧ ಟನ್ ಭಾರವಿದೆಯೆಂದೂ ಟೈರಿನಲ್ಲಿ ಚದರ ಅಂಗುಲಕ್ಕೆ 32 ಪೌಂಡು ಗಾಳಿಯಿದೆಯೆಂದೂ ಇಟ್ಟುಕೊಂಡರೆ, ಗಾಳಿಯೇ ಭಾರವನ್ನು ಹೊರುವುದರಿಂದ, ಗಾಲಿ ನೆಲವನ್ನು ಮುಟ್ಟುವ ಜಾಗ ಸುಮಾರು 220 ಚದರ ಸೆಂಟಿಮೀಟರ್ ಆಗುತ್ತದೆ, ಎಂದರೆ ಎರಡು ಅಂಚೆಕಾರ್ಡುಗಳನ್ನು ಜೋಡಿಸಿಟ್ಟಷ್ಟೂ ಇಲ್ಲ. ಗಾಳಿಯನ್ನು 16 ಪೌಂಡಿಗೆ ಇಳಿಸಿದರೆ ಆ ಜಾಗ ಹೆಚ್ಚುಕಡಮೆ ಇಮ್ಮಡಿಯಾಗಿ, ಮರಳಿನ ಮೇಲಿನ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಟೈರು ಅಡ್ಡಕ್ಕೆ ಅಗಲವಾಗುವುದೆಂದು ನೋಡುವವರು ತಿಳಿಯುವರು; ವಾಸ್ತವವಾಗಿ ಹೆಚ್ಚು ಬೆಳೆಯುವುದು ಮುಟ್ಟುನೆಲದ ಉದ್ದ. ಬಿಗಿಯಾದ ಗಾಲಿಯು ತಾನೇ ತೋಡಿದ ಗುಂಡಿಯ ದಡವನ್ನು ಹೆಜ್ಜೆಹೆಜ್ಜೆಗೂ ಹತ್ತುತ್ತಿರಬೇಕಾದರೆ, ಸಡಿಲವಾದ ಗಾಲಿಯು ಗುಂಡಿಯನ್ನೇ ತೋಡದೆ ಮರಳನ್ನು ತುಳಿದು ಹಾಸಿಕೊಂಡು ಸಾಗುತ್ತದೆ. ಎಂಜಿನ್ನಿನ ಬಲವನ್ನು ಎಷ್ಟು ಹೆಚ್ಚಿಸಿದರೂ ದೊರೆಯದ ಲಾಭವಿದು. ಹೂತ ಗಾಡಿಯ ಆಕ್ಸಿಲರೇಟರನ್ನು ಬಲವಾಗಿ ಒತ್ತುವವನು ಗಾಡಿಯ ಅಚ್ಚು ಮರಳಿಗೆ ತಾಗುವವರೆಗೆ ಹಳ್ಳವನ್ನೇ ತೋಡುತ್ತಾನೆ.

ಬ್ಯಾಗ್ನಾಲ್ಡನು ಇಷ್ಟಕ್ಕೇ ನಿಲ್ಲಲಿಲ್ಲ. ಗಾಲಿಯನ್ನು ಅರಿತವನು ಮರಳನ್ನೂ ಅರಿಯಬೇಕೆಂದು ಬಗೆದು, ಲಂಡನ್ನಿಗೆ ಹಿಂದಿರುಗಿದ ಮೇಲೆ ಇಂಪೀರಿಯಲ್ ಕಾಲೇಜಿನಲ್ಲಿ ತನ್ನ ಕೈಯಾರೆ ಗಾಳಿಸುರಂಗವೊಂದನ್ನು ಕಟ್ಟಿ, ಮರಳಿನ ಕಣಗಳು ಹೇಗೆ ಹಾರಿ ಹೇಗೆ ನೆಲೆನಿಲ್ಲುವುವೆಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿ, 1941ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಆ ವಿಷಯದಲ್ಲಿ ಪ್ರಮಾಣವಾಗಿದೆ. ದಿಬ್ಬದ ಗಾಳಿಮೊಗದ ಇಳಿಜಾರಿನಲ್ಲಿ ಕಣಗಳು ಬಡಿದುಬಡಿದು ಒತ್ತಾಗಿ ಕೂಡುವುದರಿಂದ ಅದು ಗಾಡಿಯನ್ನು ತಾಳುತ್ತದೆ; ಮರೆಯ ಬದಿಯಲ್ಲಾದರೋ ಮರಳು ಮೇಲಿನಿಂದ ಜಾರಿ ಬಿದ್ದು ರಾಶಿಯಾಗಿರುವುದರಿಂದ, ಸುಮಾರು 33 ಡಿಗ್ರಿಯ ಕಡಿದಾದ ಇಳುಕಲಾಗಿ, ಕಾಲಿಟ್ಟರೆ ಕುಸಿಯುತ್ತದೆ. ದಿಬ್ಬದ ನೆತ್ತಿಯನ್ನು ವೇಗದಿಂದ ದಾಟಿದವನು ಆ ಇಳುಕಲಿಗೆ ಎಸೆಯಲ್ಪಡುವನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿನೋದವು ಯುದ್ಧವಿದ್ಯೆಯಾದುದು ಒಂದು ಆಕಸ್ಮಿಕದಿಂದ. 1939ರ ಅಕ್ಟೋಬರಿನಲ್ಲಿ ಪೂರ್ವ ಆಫ್ರಿಕಕ್ಕೆ ಹೊರಟಿದ್ದ ಬ್ಯಾಗ್ನಾಲ್ಡನ ಹಡಗು ಮೆಡಿಟರೇನಿಯನ್ನಿನಲ್ಲಿ ಮತ್ತೊಂದಕ್ಕೆ ಡಿಕ್ಕಿ ಹೊಡೆದು, ಅವನು ಪೋರ್ಟ್ ಸೈದಿನಲ್ಲಿ ಇಳಿಯಬೇಕಾಯಿತು. ಮರುವರ್ಷ ಇಟಲಿಯೂ ಯುದ್ಧಕ್ಕಿಳಿದಾಗ ಬ್ರಿಟಿಷ್ ಸೇನಾಪತಿ ವೇವೆಲ್ ಅವನನ್ನು ಕರೆಸಿ, ಮರಳುಗಾಡಿನಲ್ಲಿ ಸಂಚರಿಸಬಲ್ಲ ದಳವೊಂದನ್ನು ಕಟ್ಟಲು ಆರು ವಾರಗಳ ಗಡುವು ಕೊಟ್ಟನು. ಹೀಗೆ ಹುಟ್ಟಿದ ದೂರಸಂಚಾರದ ಮರುಭೂಮಿ ದಳವು, ನ್ಯೂಜಿಲೆಂಡಿನ ಸ್ವಯಂಸೇವಕರನ್ನು ಸೇರಿಸಿಕೊಂಡು, ಷೆವ್ರೊಲೆ ಟ್ರಕ್ಕುಗಳಲ್ಲಿ, ಇಟಲಿಯವರು ದುರ್ಗಮವೆಂದು ನೆಚ್ಚಿದ್ದ ಮರಳಸಾಗರವನ್ನು ದಾಟಿ ಅವರ ಬೆನ್ನ ಹಿಂದೆ ಪ್ರತ್ಯಕ್ಷವಾಯಿತು. ನಮ್ಮ ದೇಶದ ಅಶ್ವದಳಗಳಿಂದ ಆಯ್ದ ಯೋಧರದೂ ಅಲ್ಲಿ ಒಂದು ಸ್ಕ್ವಾಡ್ರನ್ ಇತ್ತೆಂಬುದನ್ನು ಇತಿಹಾಸದ ಪುಸ್ತಕಗಳು ಅಡಿಟಿಪ್ಪಣಿಯಲ್ಲಿ ಹೇಳಿ ಮುಗಿಸುತ್ತವೆ. ಕುದುರೆಯಿಂದಿಳಿದು ಟೈರಿನ ಗಾಳಿಯನ್ನು ಅಳೆಯಲು ಕಲಿತ ಆ ಸವಾರರ ಅನುಭವವನ್ನು ವಿಸ್ತಾರವಾಗಿ ಬರೆದವರಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಇಳಿದಿಳಿದು ಗಾಳಿ ಬಿಡುವುದೂ ತುಂಬುವುದೂ ಗುಂಡು ಹಾರುವ ಕಡಲತೀರದಲ್ಲಿ ಸಾಧ್ಯವಿಲ್ಲವಷ್ಟೆ. ಯುದ್ಧಕಾಲದಲ್ಲಿ ಅಮೆರಿಕದವರು ನಿರ್ಮಿಸಿದ ಡಕ್ ಎಂಬ ನೆಲ-ನೀರಿನ ವಾಹನದಲ್ಲಿ, ಚಾಲಕನು ಕುಳಿತಲ್ಲಿಂದಲೇ ಆರೂ ಗಾಲಿಗಳ ಗಾಳಿಯನ್ನು ಏರಿಸಿ ಇಳಿಸುವ ಏರ್ಪಾಡು ಮೊತ್ತಮೊದಲಿಗೆ ಬಂದಿತು. ತರುವಾಯ ರಷ್ಯದ ಜಿಲ್-157 ಮುಂತಾದ ಸೇನಾ ಲಾರಿಗಳು ಅದನ್ನೇ ಅನುಸರಿಸಿದುವು.

ಇಂದು ಈ ವಿದ್ಯೆ ವಾರಾಂತ್ಯದ ವಿಹಾರವಾಗಿದೆ. ದುಬೈನಿಂದ ಹತ್ತಾದ ಕಡೆಗೆ ಹೋಗುವ ದಾರಿಯ ಕೆಂಪುಮರಳಿನಲ್ಲಿ, ಓಮಾನಿನ ಬಿದಿಯಾ ಊರಿನಾಚೆಯ ದಿಬ್ಬಗಳಲ್ಲಿ, ಉದ್ಯೋಗಕ್ಕೆಂದು ಹೋಗಿ ನೆಲಸಿದ ಮಂಗಳೂರು, ಉಡುಪಿ, ಭಟ್ಕಳಗಳ ನಮ್ಮವರೂ ರಜಾದಿನ ಗಾಡಿ ಓಡಿಸುವುದುಂಟು. ಬಿದಿಯಾದ ಟೈರ್ ಅಂಗಡಿಗಳಲ್ಲಿ, ಮರಳಿಗೆ ಇಳಿಯುವವನಿಗೆ ಗಾಳಿ ಬಿಟ್ಟುಕೊಡುವುದೂ ಹಿಂದಿರುಗಿದವನಿಗೆ ತುಂಬಿಕೊಡುವುದೂ ನಿತ್ಯದ ವ್ಯಾಪಾರ. ವಾಲ್ವಿನ ಮುಚ್ಚಳ ತೆಗೆದು, ಒಳಗಿನ ಪಿನ್ನನ್ನು ಸಣ್ಣ ಕಡ್ಡಿಯಿಂದ ಒತ್ತಿ, ನಡುನಡುವೆ ಗೇಜ್ ಹಿಡಿದು ನೋಡುತ್ತ 15ರಿಂದ 18 ಪೌಂಡಿನಲ್ಲಿ ನಿಲ್ಲಿಸುವುದು ಸಾಮಾನ್ಯ ವಾಡಿಕೆ. ಇದಕ್ಕಿಂತ ಬಹಳ ಕೆಳಗಿಳಿಸಿದವನು ದಿಬ್ಬದ ಓರೆಯಲ್ಲಿ ಸ್ಟಿಯರಿಂಗನ್ನು ಒಮ್ಮೆಗೇ ಹೊರಳಿಸಿದನೆಂದರೆ, ಟೈರಿನ ಅಂಚು ರಿಮ್ಮಿನಿಂದ ಕಳಚಿ, ಭುಸ್ಸೆಂದು ಗಾಳಿಯೆಲ್ಲ ಹೋಗಿ ಗಾಡಿ ಕುಕ್ಕರಿಸುತ್ತದೆ. ಆಗ ಬರಿಯ ಜಾಕ್ ಇಟ್ಟರೆ ಜಾಕೇ ಮರಳಿಗೆ ಇಳಿಯುವುದರಿಂದ, ಅದರಡಿಗೆ ಹಲಗೆಯೊಂದನ್ನು ಹಾಕಿ ಗಾಲಿಯನ್ನೆತ್ತಿ, ಅಂಚಿಗೆ ಮೆತ್ತಿದ ಮರಳನ್ನು ಒರಸಿ, ಸೋಪುನೀರು ಸವರಿ, ಗಾಳಿ ರಭಸದಿಂದ ನುಗ್ಗಲೆಂದು ವಾಲ್ವಿನ ಪಿನ್ನನ್ನು ಬಿಚ್ಚಿ, ಕಂಪ್ರೆಸರಿನ ಗಾಳಿ ಹೊಡೆದರೆ, ಅಂಚು ಟಪ್ಪೆಂದು ತನ್ನ ಸ್ಥಾನದಲ್ಲಿ ಕೂಡುತ್ತದೆ. ಟೈರು ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದ್ದರೆ ಅಂಟುದಾರವನ್ನು ತುರುಕಿ ಊರು ಸೇರಬಹುದು. ಪಕ್ಕದ ಗೋಡೆ ಕುಯ್ದಿದ್ದರೆ ಮಾತ್ರ ಯಾವ ತೇಪೆಯನ್ನೂ ನಂಬದೆ ಸ್ಟೆಪ್ನಿಯನ್ನು ಹಾಕಿಕೊಳ್ಳುವುದೇ ಕ್ಷೇಮ.

ಗಾಳಿ ಬಿಡುವುದನ್ನು ಎಲ್ಲರೂ ಉತ್ಸಾಹದಿಂದ ಕಲಿಯುತ್ತಾರೆ. ಮತ್ತೆ ತುಂಬುವುದರಲ್ಲಿಯೇ ಆಲಸ್ಯ. ಗಾಳಿ ಕಡಮೆಯಾದ ಟೈರು ಡಾಂಬರಿನ ಮೇಲೆ ವೇಗದಿಂದ ಉರುಳಿದರೆ ಅದರ ಪಕ್ಕದ ಗೋಡೆ ಸುತ್ತುಸುತ್ತಿಗೂ ಮಡಿದು ಬಿಚ್ಚಿ, ಬಿಸಿಯೇರಿ, ಒಳಗಿನ ಹೆಣಿಗೆ ಸಡಿಲಿ ಸಿಡಿಯುವ ಅಪಾಯವಿದೆ. ಆದ್ದರಿಂದ ಮರಳಿಗೆ ಇಳಿಯುವವರು ಗೇಜನ್ನೂ ಕಂಪ್ರೆಸರನ್ನೂ ಜೊತೆಗೇ ಒಯ್ಯಬೇಕು; ಹಿಂದಿರುಗಿ ಡಾಂಬರು ಹತ್ತಿದೊಡನೆ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ತಯಾರಕರು ನಮೂದಿಸಿರುವ ಅಳತೆಗೆ ನಾಲ್ಕೂ ಗಾಲಿಗಳನ್ನು ತುಂಬಿ, ಆಮೇಲೆಯೇ ವೇಗವನ್ನು ಹೆಚ್ಚಿಸಬೇಕು.